ಕಾಲಡಿಯ ಬೀಸುಕಲ್ಲು

ಚಾರ್ಮಾಡಿ ಘಾಟಿ ಹತ್ತುವಾಗ ಅದನ್ನು ಮೊದಲು ಗುರುತಿಸಿದ್ದು ಅಮ್ಮ. ಹಿಂದಿನ ಸೀಟಿನ ನಡುವೆ ಕೂತಿದ್ದವರು, "ಕಾಲಡಿ ಯಾರೋ ಬೀಸುಕಲ್ಲು ತಿರುಗಿಸಿದ ಹಾಗಿದೆ ನೋಡೋ" ಅಂದರು. ಸ್ಟೇರಿಂಗ್ ಹಿಡಿದಿದ್ದ ನನಗೆ ಏನೂ ಕೇಳಿಸಿರಲಿಲ್ಲ. ಏರು ಮುಗಿದು ಕೊಟ್ಟಿಗೆಹಾರ ದಾಟಿದ ಮೇಲೆ ಅವರಿಗೂ ಕೇಳಿಸಲಿಲ್ಲ.

ಗಾಡಿ 2012ರದು, ಮೂರು ಲೀಟರ್ ಡೀಸೆಲ್, ಆಲ್ ವೀಲ್ ಡ್ರೈವ್. 1,10,000 ಕಿ.ಮೀ. ಓಡಿದ್ದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಬೆಂಗಳೂರಿನ ಗ್ಯಾರೇಜಿನವರು ಎರಡು ಸಲ ಟ್ರಯಲ್ ಹೋದರು, ಒಬ್ಬರೇ, ಸಮತಟ್ಟಾದ ರಸ್ತೆಯಲ್ಲಿ. ಸದ್ದು ಬರಲಿಲ್ಲ. ಆದರೂ ಎಂಜಿನ್ನಿನ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಬದಲಿಸಿ ಅಂದರು. ಕೇಳಿಸದ ಸದ್ದಿಗೆ ಲಕ್ಷಗಟ್ಟಲೆ ಸುರಿಯಲು ಮನಸ್ಸು ಒಪ್ಪಲಿಲ್ಲ.

ಟೈರ್‌ಗಳ ಸವೆತ ಹೆಚ್ಚುಕಡಿಮೆಯಾದರೆ ಟ್ರಾನ್ಸ್‌ಫರ್ ಕೇಸಿನ ಕ್ಲಚ್ ಒದ್ದಾಡುತ್ತದೆ. ಅಳೆದೆ, ನಾಲ್ಕೂ ಸರಿಯಿದ್ದವು.

ಒಂದು ಮುಂಜಾನೆ ಡಿಕ್ಕಿಯಲ್ಲಿ 25 ಕೆ.ಜಿ.ಯ ನಾಲ್ಕು ಅಕ್ಕಿ ಮೂಟೆ, ಅಮ್ಮನ ಜಾಗದಲ್ಲಿ ತಮ್ಮನನ್ನು ಕೂರಿಸಿಕೊಂಡು ನಂದಿಬೆಟ್ಟದ ಏರಿಗೆ ಹೋದೆ. ಬಂತು! 30ರಿಂದ 45ರ ವೇಗದಲ್ಲಿ, ಆಕ್ಸಿಲರೇಟರ್ ಒತ್ತಿದಾಗ ಮಾತ್ರ. ಖಾಲಿ ರಸ್ತೆಯಲ್ಲಿ ಕ್ಷಣಕಾಲ ನ್ಯೂಟ್ರಲ್‌ಗೆ ಹಾಕಿದೆ. ವೇಗ ಅಷ್ಟೇ, ಸದ್ದು ಮಾಯ. ವೀಲ್ ಬೇರಿಂಗ್ ಆಗಿದ್ದರೆ ನ್ಯೂಟ್ರಲ್‌ನಲ್ಲೂ ಗುಂಯ್‌ಗುಡುತ್ತಿತ್ತು. ಬಳಿಕ ಅದೇ ವೇಗದಲ್ಲಿ ಗೇರ್ ಇಳಿಸಿದೆ. ಎಂಜಿನ್ ಸುತ್ತು ಏರಿತು, ಸದ್ದಿನ ಲಯ ಬದಲಾಗಲಿಲ್ಲ. ಹಾಗಾದರೆ ಎಂಜಿನ್ನೂ ಅಲ್ಲ.

ಉಳಿದದ್ದು ಲೆಕ್ಕ. ನನ್ನ 255/55 ಆರ್18 ಟೈರ್ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಹೋಗುತ್ತದೆ. 36 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 10 ಮೀಟರ್, ಅಂದರೆ ಚಕ್ರಕ್ಕೆ 4.3 ಸುತ್ತು. ಫೈನಲ್ ಡ್ರೈವ್ ಅನುಪಾತ 3.7, ಅಂದರೆ ಚಕ್ರದ ಒಂದು ಸುತ್ತಿಗೆ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ದಂಡ, ಪ್ರೊಪೆಲರ್ ಶಾಫ್ಟ್, 3.7 ಸುತ್ತು ತಿರುಗುತ್ತದೆ. ಹಾಗಾಗಿ ಅದಕ್ಕೆ ಸೆಕೆಂಡಿಗೆ 16 ಸುತ್ತು. ಶಾಫ್ಟ್ ಹಾಯುವ ನಡುವಿನ ಉಬ್ಬಿನ (ಟನಲ್) ಮೇಲಿಟ್ಟ ಫೋನಿನ ವೈಬ್ರೇಶನ್ ಆ್ಯಪ್‌ನಲ್ಲಿ ಎದ್ದು ನಿಂತ ಗೆರೆಯೂ 16ರ ಆಸುಪಾಸಿನಲ್ಲೇ!

ಭಾರಕ್ಕೆ ಶಾಫ್ಟಿನ ಕೋನ ಬದಲಾಗುತ್ತದೆ ಎಂದೇ ನಾನು ಮೊದಲು ಅಂದುಕೊಂಡಿದ್ದೆ. ಅದು ತಪ್ಪು. ಪ್ರತಿ ಚಕ್ರವೂ ಬೇರೆಬೇರೆಯಾಗಿ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಶನ್ನಿನ ಗಾಡಿಯಲ್ಲಿ, ಶಾಫ್ಟಿನ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಗಾಡಿಯಡಿಯ ಚೌಕಟ್ಟಿಗೆ (ಸಬ್‌ಫ್ರೇಮ್) ಕಟ್ಟಿಕೊಂಡಿರುತ್ತದೆ, ಚಕ್ರದ ಜೊತೆ ಏರಿಳಿಯುವುದಿಲ್ಲ. ಭಾರ ಹೊತ್ತು ಏರು ಹತ್ತುವಾಗ ಬೇಕಾಗುವ ಹೆಚ್ಚಿನ ಟಾರ್ಕ್ (ತಿರುಗಿಸುವ ಬಲ) ಶಾಫ್ಟನ್ನು ಅಲ್ಲಾಡಿಸುತ್ತಿತ್ತು.

ಪರಿಚಯದ ಮೆಕ್ಯಾನಿಕ್ ಗಾಡಿಯನ್ನು ಲಿಫ್ಟಿಗೇರಿಸಿದರು. ಕಣ್ಣಿಗೆ, ಶಾಫ್ಟನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗ್ ಸುತ್ತಲಿನ ರಬ್ಬರ್ ಚೆನ್ನಾಗಿಯೇ ಕಂಡಿತು. ಸನ್ನೆಕೋಲಿನಿಂದ ಶಾಫ್ಟನ್ನು ಕೆಳಕ್ಕೆ ಒತ್ತಿದಾಗಲಷ್ಟೇ ಮೇಲ್ಭಾಗದ ಸೀಳು ಬಾಯಿ ಬಿಟ್ಟಿತು, ಅರ್ಧ ಸುತ್ತಿಗೂ ಹೆಚ್ಚು. ಅಮ್ಮ ಕಾಲಿಟ್ಟಿದ್ದ ಜಾಗದ ನೆಟ್ಟಗೆ ಕೆಳಗೆ.

ಬೇರಿಂಗ್ ಒಂದನ್ನೇ ಬದಲಿಸಿದೆವು. ಶಾಫ್ಟ್ ಬಿಚ್ಚುವ ಮುಂಚೆ ಎರಡೂ ತುದಿಯ ಜೋಡಣೆಗೆ ಬಿಳಿ ಬಣ್ಣದ ಗುರುತು ಹಾಕಿಸಿದೆ. ತಿರುಗುಮುರುಗಾಗಿ ಕೂತರೆ ಬ್ಯಾಲೆನ್ಸ್ ತಪ್ಪಿ ಹೊಸ ನಡುಕ ಶುರುವಾಗಬಹುದು.

ಮರುದಿನ ಅದೇ ಮೂಟೆ, ಅದೇ ಏರು, ಅದೇ 36. ಫೋನಿನಲ್ಲಿ 16ರ ಗೆರೆ ಏಳಲಿಲ್ಲ.