ಕೇಬಲ್ ತೆಗೆಸುವ ಮೊದಲು ನಾನು ಏನೇನು ನೋಡಿದೆ

ಕೇಬಲ್ ತೆಗೆಸಿ ಬರೀ ಸ್ಟ್ರೀಮಿಂಗ್ ಇಟ್ಟುಕೊಳ್ಳೋಣ್ವಾ ಅನ್ನುವ ಮಾತು ಮನೆಯಲ್ಲಿ ಬಂದಾಗ ಎಲ್ಲರೂ ದುಡ್ಡಿನ ಲೆಕ್ಕಕ್ಕೇ ಕೈ ಹಾಕಿದರು. ನಾನು ಟಿವಿ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಯಾರು ಏನು ನೋಡಿದರೂ ಬರೆಯಿರಿ ಅಂದೆ. ಇದನ್ನು ಮಾಡದೆ ತೀರ್ಮಾನಕ್ಕೆ ಬರಲೇಬೇಡಿ.

ಅಷ್ಟು ದೊಡ್ಡ ಪ್ಯಾಕಿನಲ್ಲಿ ನಾವು ನೋಡುತ್ತಿದ್ದದ್ದು ಬೆರಳೆಣಿಕೆಯ ಚಾನೆಲ್ ಮಾತ್ರ. ಅಮ್ಮನ ಧಾರಾವಾಹಿ, ಸುದ್ದಿ, ಕ್ರಿಕೆಟ್. ಮಿಕ್ಕಿದ್ದೆಲ್ಲ ಸಿನಿಮಾ, ಸೀರೀಸ್. ಅವು ಆ್ಯಪ್‌ಗಳಲ್ಲೇ ಸಿಗುತ್ತವೆ. ಎಷ್ಟೋ ಸುದ್ದಿ ಚಾನೆಲ್‌ಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ ಲೈವ್ ಬರುತ್ತವೆ.

ಆಟದ್ದೇ ಬೇರೆ ಕಥೆ. ಒಂದೊಂದು ಟೂರ್ನಿಯ ಪ್ರಸಾರದ ಹಕ್ಕು ಒಂದೊಂದು ಆ್ಯಪ್ ಕೈಯಲ್ಲಿರುತ್ತದೆ. ಜೊತೆಗೆ ಲೈವ್ ಅಂದರೂ ಸ್ಟ್ರೀಮಿಂಗ್ ಸಾಮಾನ್ಯವಾಗಿ ಅರ್ಧ ನಿಮಿಷದಷ್ಟು ಹಿಂದೆ ಇರುತ್ತದೆ. ಟಿವಿಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿದ್ದಾನೆ, ಫೋನಿನಲ್ಲಿ ಆಗಲೇ ವಿಕೆಟ್ ಬಿದ್ದ ನೋಟಿಫಿಕೇಶನ್! ಮ್ಯಾಚ್ ನಡೆಯುವಾಗ ನಾವು ಸ್ಕೋರ್ ಆ್ಯಪ್‌ನ ಬಾಯಿ ಮುಚ್ಚಿಸುತ್ತೇವೆ.

ಇಂಟರ್ನೆಟ್ ಪರೀಕ್ಷೆ ಮಾಡುವಾಗ ರೂಟರ್ ಪಕ್ಕ ನಿಲ್ಲಬೇಡಿ. ಟಿವಿ ಇರುವ ಜಾಗದಲ್ಲೇ, ರಾತ್ರಿ ಎಲ್ಲರೂ ಫೋನ್ ಹಿಡಿದಿರುವ ಹೊತ್ತಿನಲ್ಲೇ ಸ್ಪೀಡ್ ನೋಡಿ. ಎಚ್‌ಡಿಗೆ ಒಂದು ಸ್ಕ್ರೀನಿಗೆ ಸುಮಾರು 5 ಎಂಬಿಪಿಎಸ್ (ಇಂಟರ್ನೆಟ್ ವೇಗದ ಅಳತೆ) ಸಾಕು, ಅದಕ್ಕಿಂತ ಸ್ಪಷ್ಟ ಚಿತ್ರದ 4ಕೆಗೆ 15 ಅಥವಾ ಅದಕ್ಕಿಂತ ಜಾಸ್ತಿ ಬೇಕು. ಎಚ್‌ಡಿ ಗಂಟೆಗೆ 3 ಜಿಬಿವರೆಗೂ ತಿನ್ನುತ್ತದೆ, ಡೇಟಾ ಮಿತಿ ಇದ್ದರೆ ಅದನ್ನೂ ನೋಡಿಕೊಳ್ಳಿ. ನಮ್ಮ ಟಿವಿ ಹತ್ತಿರ ಗೋಡೆ ಅಡ್ಡ ಬಂದು ವೈಫೈ ಕುಂಟುತ್ತಿತ್ತು. ರೂಟರಿನಿಂದ ಲ್ಯಾನ್ ವೈರ್ ಎಳೆದ ಮೇಲೆ ಸರಿಹೋಯಿತು.

ಕೊನೆಗೆ ತೀರ್ಮಾನ ನಿಂತದ್ದು ಅಮ್ಮನ ರಿಮೋಟ್ ಮೇಲೆ. ಕೇಬಲ್‌ನಲ್ಲಿ ನಂಬರ್ ಒತ್ತಿದರೆ ಚಾನೆಲ್ ಬರುತ್ತದೆ. ಆ್ಯಪ್‌ನಲ್ಲಿ ಪ್ರೊಫೈಲ್ ಆರಿಸಬೇಕು, ಹುಡುಕಬೇಕು, ಯಾವ ಕಂತು ಅಂತ ನೆನಪಿಡಬೇಕು. "ಟಿವಿ ಹಾಕಿದ ತಕ್ಷಣ ಏನಾದ್ರೂ ಓಡ್ತಾ ಇರ್ಬೇಕು ಕಣೋ, ನಾನು ಹುಡುಕ್ತಾ ಕೂತ್ಕೊಳಲ್ಲ" ಅಂದರು. ಈ ಮಾತಿಗೆ ನಾನು ಪೂರ್ತಿ ಬೆಲೆ ಕೊಡುತ್ತೇನೆ. ದಿನದಲ್ಲಿ ಹೆಚ್ಚು ಹೊತ್ತು ಟಿವಿ ನೋಡುವವರು ಅವರೇ ಅಲ್ವಾ?

ಹಾಗಾಗಿ ಅಮ್ಮನ ಕೋಣೆಯಲ್ಲಿ ಕೇಬಲ್ ಉಳಿಯಿತು, ಅವರ ಚಾನೆಲ್‌ಗಳಷ್ಟೇ ಇರುವ ಸಣ್ಣ ಪ್ಯಾಕಿನಲ್ಲಿ. ಹಾಲ್‌ನ ಟಿವಿಯಲ್ಲಿ ಸ್ಟ್ರೀಮಿಂಗ್. ಅದೂ ಒಂದು ಸಲಕ್ಕೆ ಒಂದೇ ಆ್ಯಪ್, ತಿಂಗಳ ಲೆಕ್ಕದಲ್ಲಿ. ದುಡ್ಡು ಕಟ್ಟಿದ ದಿನವೇ ಆಟೋ ರಿನ್ಯೂವಲ್ ತೆಗೆದುಬಿಡುತ್ತೇನೆ. ನೋಡಬೇಕಾದ್ದು ಮುಗಿದ ಮೇಲೆ ಇನ್ನೊಂದು ಆ್ಯಪ್‌ಗೆ ಹೋಗುತ್ತೇವೆ. ಹಾಲಿನ ಸೆಟ್‌ಟಾಪ್ ಬಾಕ್ಸ್ ವಾಪಸ್ ಕೊಟ್ಟು ರಸೀದಿ ತೆಗೆದಿಟ್ಟುಕೊಂಡಿದ್ದೇನೆ.