ಅಪ್ಪನ ಮಾರುತಿಯ ಕೀಲಿ ತಿರುಗಿಸುವ ಮೊದಲು

ಅಪ್ಪ ತೀರಿಕೊಂಡ ಮೇಲೆ ಒಂಬತ್ತು ಮಳೆಗಾಲ ನಮ್ಮ ಮಾರುತಿ 800 ಕೊಟ್ಟಿಗೆಯ ಪಕ್ಕದ ಮಾಡಿನಲ್ಲೇ ನಿಂತಿತ್ತು. 1994ರ ಗಾಡಿ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಇರುವುದು. ಅದನ್ನು ಮತ್ತೆ ಓಡಿಸಬೇಕೆಂದು ಹೊರಟಾಗ ಪಕ್ಕದ ಮನೆಯವರು, "ಬ್ಯಾಟರಿ ಹಾಕಿ ಸೆಲ್ಫ್ ಕೊಡಿ ಮಾರಾಯರೆ, ಎದ್ದು ಬರುತ್ತದೆ" ಎಂದರು. ನಾನು ಒಪ್ಪಲಿಲ್ಲ. ಮಲೆನಾಡಿನ ಥಂಡಿಗೆ ಸಿಲಿಂಡರಿನ ಗೋಡೆ ತುಕ್ಕು ಹಿಡಿದಿದ್ದರೆ ಪಿಸ್ಟನ್ ರಿಂಗ್‌ಗಳು ಅಂಟಿಕೊಂಡಿರುತ್ತವೆ. ಸೆಲ್ಫ್ ಮೋಟಾರಿನ ಬಲದಿಂದ ಎಳೆದರೆ ಅವು ಮುರಿಯಬಹುದು. ಬೇರಿಂಗ್‌ಗಳ ಮೇಲಿನ ಎಣ್ಣೆಯೂ ಇಳಿದುಹೋಗಿರುತ್ತದೆ.

ಮೊದಲು ಏರ್ ಫಿಲ್ಟರಿನ ಡಬ್ಬ ತೆರೆದೆ. ಒಳಗೆ ಅಡಿಕೆ ಸಿಪ್ಪೆಯ ನಾರಿನಿಂದ ಕಟ್ಟಿದ ಇಲಿಯ ಗೂಡು! ಹಾಗೆಯೇ ಸೆಲ್ಫ್ ಕೊಟ್ಟಿದ್ದರೆ ಆ ನಾರೆಲ್ಲ ಒಳಕ್ಕೆ ಹೋಗುತ್ತಿತ್ತು. ಇಲಿ ಕಡಿದ ವೈರುಗಳನ್ನು ಒಂದೊಂದಾಗಿ ಹುಡುಕಿ ಬದಲಿಸಲು ಎರಡು ದಿನ ಬೇಕಾಯಿತು. ಟ್ಯಾಂಕಿನ ಪೆಟ್ರೋಲ್ ವಾರ್ನಿಷ್‌ನಂತೆ ನಾರುತ್ತಿತ್ತು. ಅದನ್ನು ಬಯಲಿನಲ್ಲಿ ಖಾಲಿ ಮಾಡಿದೆ. ರಬ್ಬರ್ ಪೈಪನ್ನು ಬಗ್ಗಿಸಿದ ಕೂಡಲೇ ಬಿರುಕು ಬಿಟ್ಟಿತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ. ಅದನ್ನು ತಾಳಿಕೊಳ್ಳುವ ಪೈಪುಗಳನ್ನೇ ಕೇಳಿ ತಂದೆ.

ಮೂರೂ ಸ್ಪಾರ್ಕ್ ಪ್ಲಗ್‌ಗಳ ಸುತ್ತಲಿನ ದೂಳನ್ನು ಊದಿ ತೆಗೆದು, ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಎರಡು ಚಮಚದಷ್ಟು ಡೀಸೆಲ್ ಬೆರೆಸಿದ ಎಂಜಿನ್ ಆಯಿಲ್ ಬಿಟ್ಟೆ. ನಾಲ್ಕು ದಿನ ಮುಟ್ಟಲಿಲ್ಲ. ಆಮೇಲೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ, ನಾಲ್ಕನೇ ಗೇರಿಗೆ ಹಾಕಿ, ಆ ಚಕ್ರವನ್ನು ಕೈಯಿಂದ ತಿರುಗಿಸಿದೆ. ಗೇರಿನಲ್ಲಿದ್ದಾಗ ಚಕ್ರದೊಂದಿಗೆ ಎಂಜಿನ್ನೂ ತಿರುಗುತ್ತದೆ. ಅಂಗೈ ಅಗಲದಷ್ಟು ಸರಿದು ನಿಂತಿತು. ಬಲ ಹಾಕಬೇಕೆನ್ನಿಸಿತು, ಹಾಕಲಿಲ್ಲ. ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ ತೂಗಿದೆ. ಮರುದಿನ ಇನ್ನಷ್ಟು ಎಣ್ಣೆ ಬಿಟ್ಟು ಮತ್ತೆ ಹಾಗೆಯೇ ತೂಗಿದೆ. ಆರನೆಯ ದಿನ ಸಂಜೆ ಚಕ್ರ ತಡೆಯಿಲ್ಲದೆ ಸುತ್ತಿತು. ಪ್ಲಗ್ ತೂತುಗಳಿಂದ ಉಸ್ಸೆಂದು ಗಾಳಿ ಬಂತು. ಆ ಸದ್ದು ಕೇಳಿ ಕಣ್ಣು ತುಂಬಿತು.

ಎಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್ನಿನ ಲಯಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ನೋಡಲು ಚೆನ್ನಾಗಿಯೇ ಇತ್ತು. ಆದರೂ ಬದಲಿಸಿದೆ, ಒಣಗಿದ ರಬ್ಬರಿನ ಆಯುಷ್ಯವನ್ನು ಕಣ್ಣಿನಿಂದ ಅಳೆಯಲಾಗದು. ಹಳೆಯ ಆಯಿಲ್ ಇಳಿಸುವಾಗ ಮೊದಲು ನಾಲ್ಕೈದು ಹನಿ ನೀರು ಬಿತ್ತು, ಆಮೇಲೆ ಕಪ್ಪು ಎಣ್ಣೆ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿದೆ. ರೇಡಿಯೇಟರಿನ ಕೆಂಪು ನೀರನ್ನು ತೊಳೆದು ಕೂಲೆಂಟ್ ತುಂಬಿಸಿದೆ.

ಪ್ಲಗ್‌ಗಳನ್ನು ಇನ್ನೂ ಹಾಕದೆ, ಪ್ಲಗ್‌ಗಳಿಗೆ ಕಿಡಿಯ ಕರೆಂಟು ಕೊಡುವ ಕಾಯಿಲ್‌ಗೆ ಹೋಗುವ ವೈರನ್ನು ಕಳಚಿ, ಹೊಸ ಬ್ಯಾಟರಿಯಿಂದ ಹತ್ತು ಹತ್ತು ಸೆಕೆಂಡು ಸೆಲ್ಫ್ ಕೊಟ್ಟೆ. ಹೆಚ್ಚಾಗಿದ್ದ ಎಣ್ಣೆ ತೂತುಗಳಿಂದ ಹೊರಚೆಲ್ಲಿತು. ಅದು ಒಳಗೇ ಉಳಿದಿದ್ದರೆ ಪಿಸ್ಟನ್ ಮೇಲೆ ಬರುವಾಗ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿತ್ತು, ಏಕೆಂದರೆ ದ್ರವವನ್ನು ಗಾಳಿಯಂತೆ ಹಿಂಡಲಾಗುವುದಿಲ್ಲ. ನಾಲ್ಕನೆಯ ಸಲಕ್ಕೆ ಆಯಿಲ್ ದೀಪ ಆರಿತು. ಎಣ್ಣೆಗೆ ಒತ್ತಡ ಬಂದಿತ್ತು.

ಸ್ಟಾರ್ಟ್ ಮಾಡುವ ದಿನ ಗಾಡಿಯನ್ನು ಅಂಗಳಕ್ಕೆ ತಳ್ಳಿದೆವು. ಮಾಡಿನೊಳಗೆ ಹೊಗೆ ತುಂಬುವುದು ಬೇಡವಾಗಿತ್ತು. ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವಂತಿತ್ತು. ಬ್ಯಾಟರಿಯ ವೈರ್ ಕಳಚಲು ತಮ್ಮ ಪಕ್ಕದಲ್ಲೇ ನಿಂತಿದ್ದ. ಎಂಜಿನ್ ಸ್ಟಾರ್ಟ್ ಆಯಿತು, ನೀಲಿ ಹೊಗೆ ಬಂತು. ಸಿಲಿಂಡರಿಗೆ ಬಿಟ್ಟ ಎಣ್ಣೆ ಉರಿಯುವಾಗ ಅದು ಸಹಜ. ಅರ್ಧ ನಿಮಿಷವಾಗಿರಬೇಕು, ತಮ್ಮ ಕೂಗಿದ: "ಅಣ್ಣ, ಪೆಟ್ರೋಲ್!" ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಉಕ್ಕಿ ಕೆಳಗಿಳಿಯುತ್ತಿತ್ತು. ಕೀಲಿ ಹಿಂದಕ್ಕೆ ತಿರುಗಿಸಿದೆ. ಕಾರ್ಬ್ಯುರೇಟರ್ ತುಂಬಿದಾಗ ಪೆಟ್ರೋಲನ್ನು ತಡೆಯಬೇಕಾದ ಫ್ಲೋಟಿನ ಸೂಜಿ ಜಿಗುಟಿನಿಂದ ಅಂಟಿ ಬಾಯಿ ಮುಚ್ಚದೆ ನಿಂತಿತ್ತು. ಪೈಪುಗಳಿಗೆ ಕೊಟ್ಟ ಗಮನವನ್ನು ನಾನು ಇದಕ್ಕೆ ಕೊಟ್ಟಿರಲಿಲ್ಲ. ಕಾರ್ಬ್ಯುರೇಟರನ್ನು ಪೂರ್ತಿ ಬಿಚ್ಚಿ ತೊಳೆದು ಹೊಸ ಸೂಜಿ ಹಾಕುವವರೆಗೆ, ಮೂರು ದಿನ, ಕೀಲಿ ನನ್ನ ಕಿಸೆಯಲ್ಲೇ ಇತ್ತು.

ಎರಡನೆಯ ಸಲ ಇಪ್ಪತ್ತು ನಿಮಿಷ ಓಡಿತು. ಉಷ್ಣತೆಯ ಮುಳ್ಳು ನಡುವೆ ನಿಂತಿತು, ಎಲ್ಲಿಯೂ ಸೋರಿಕೆ ಇಲ್ಲ. ಅಮ್ಮ ಜಗುಲಿಗೆ ಬಂದು ಕುಳಿತು ಪೂರ್ತಿ ಕೇಳಿದಳು. ಆರಿಸಿದ ಮೇಲೆ ಆ ಆಯಿಲನ್ನೂ ಇಳಿಸಿ ಬೇರೆ ಹಾಕಿದೆ. ಚಕ್ರಗಳಲ್ಲಿ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರುಗಳು ಅಂಟಿಕೊಂಡಿವೆ, ಹೊಸವು ಮುಂದಿನ ವಾರ ಬರುತ್ತವೆ. ಅಲ್ಲಿಯವರೆಗೆ ಚಕ್ರದಡಿಯ ಕಲ್ಲುಗಳು ಅಲ್ಲೇ ಇರಲಿ.