ಬೂತಾಯಿಯಿಂದ ಚಿಂಪಾಂಜಿವರೆಗೆ: ಬದಲಾದ ಬ್ಲಾಸ್ಟ್‌ನಲ್ಲಿ ಜೀನೋಮ್ ಹೋಲಿಸುವುದು ಹೇಗೆ?

ಹಿಂದಿನ ಬ್ಯಾಚಿನವರ ಪ್ರಾಜೆಕ್ಟ್ ವರದಿಯನ್ನು ಮುಂದಿಟ್ಟುಕೊಂಡು, ಅವರು ಹಾಕಿದ್ದ ಸೀಕ್ವೆನ್ಸನ್ನೇ (ಡಿಎನ್‌ಎ ಅಥವಾ ಪ್ರೋಟೀನಿನ ಅಕ್ಷರಸಾಲು) ಇವತ್ತು ಬ್ಲಾಸ್ಟ್ ಪುಟದಲ್ಲಿ, ಅಂದರೆ ಅಂಥ ಸಾಲನ್ನು ಡೇಟಾಬೇಸಿನೊಂದಿಗೆ ಹೋಲಿಸುವ ಜಾಲಪುಟದಲ್ಲಿ, ಹಾಕಿ ನೋಡಿ. ಬರುವ ಪಟ್ಟಿ ಬೇರೆ ಇರುವ ಸಾಧ್ಯತೆಯೇ ಹೆಚ್ಚು. ತಪ್ಪು ಅವರದೂ ಅಲ್ಲ, ನಿಮ್ಮದೂ ಅಲ್ಲ. ಪುಟ ನೋಡುವುದಕ್ಕೆ ಹೆಚ್ಚುಕಡಿಮೆ ಹಾಗೆಯೇ ಇದ್ದರೂ ಅದರ ಹಿಂದಿನ ಡೇಟಾಬೇಸ್ ಬದಲಾಗಿದೆ. ಬ್ಲಾಸ್ಟ್ ನಡೆಸುವ ಅಮೆರಿಕದ ಎನ್‌ಸಿಬಿಐ ಸಂಸ್ಥೆ 2022ರಿಂದೀಚೆಗೆ ಹಲವು ಹೊಸ ಸೌಲಭ್ಯಗಳನ್ನು ತಂದಿದೆ, ಕೆಲವು ಹಳೆಯವನ್ನು ಮುಚ್ಚಿದೆ. ಕೊಣಾಜೆ, ಎಕ್ಕೂರು, ಮಣಿಪಾಲದ ಲ್ಯಾಬುಗಳಲ್ಲಿ ಈ ಸಲ ಪ್ರಾಜೆಕ್ಟ್ ಹಿಡಿದಿರುವವರು ಕೆಳಗಿನ ಕ್ರಮದಲ್ಲಿ ಹೋದರೆ ಅರ್ಧ ಗೊಂದಲ ತಪ್ಪುತ್ತದೆ.

ಮೊದಲು ಸೀಕ್ವೆನ್ಸ್ ಚೊಕ್ಕ ಮಾಡಿ

ಮಲ್ಪೆಯಲ್ಲಿ ಬುಟ್ಟಿಯಿಂದ ಎತ್ತಿದ ಒಂದು ಬೂತಾಯಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಕುಂದಾಪುರ ಕಡೆಯವರು ಬೈಗೆ ಎನ್ನುವ, ವಿಜ್ಞಾನದಲ್ಲಿ ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಆದ ಮೀನು. ಜಾತಿ ಗುರುತಿಸಲು ಸಾಮಾನ್ಯವಾಗಿ ಓದಿಸುವುದು ಮೈಟೊಕಾಂಡ್ರಿಯದ ಸಿಒಐ ಜೀನ್‌ನ ಸುಮಾರು 650 ಅಕ್ಷರಗಳ ತುಂಡನ್ನು.

ಸೀಕ್ವೆನ್ಸಿಂಗ್ ಕಂಪನಿ ಕಳಿಸಿದ ಫೈಲಿನಿಂದ ಅಕ್ಷರಗಳನ್ನು ಮಾತ್ರ ನಕಲಿಸಿ ಅಂಟಿಸಬೇಡಿ. ಜೊತೆಗೆ ಬಂದ ಕ್ರೊಮ್ಯಾಟೋಗ್ರಾಮ್ (ಪ್ರತಿ ಅಕ್ಷರಕ್ಕೂ ಒಂದು ಬಣ್ಣದ ಶಿಖರ ತೋರಿಸುವ ನಕ್ಷೆ) ತೆರೆದು ನೋಡಿ. ಮೊದಲ 20ರಿಂದ 40 ಅಕ್ಷರಗಳಲ್ಲಿ ಬಣ್ಣದ ಶಿಖರಗಳು ಒಂದರ ಮೇಲೊಂದು ಹತ್ತಿಕೊಂಡಿರುತ್ತವೆ, ಕೊನೆಯ ಭಾಗದಲ್ಲಿ ಕುಗ್ಗಿ ಹರಡಿರುತ್ತವೆ. ಎರಡೂ ಕಡೆ ಕತ್ತರಿಸಿ. ಫಾರ್ವರ್ಡ್, ರಿವರ್ಸ್ ಎರಡೂ ಓದು ಇದ್ದರೆ ಜೋಡಿಸಿ ಒಂದು ಮಾಡಿ.

ಆಮೇಲೆ ಅದನ್ನು ಪ್ರೋಟೀನ್ ಆಗಿ ಅನುವಾದಿಸಿ ಪರೀಕ್ಷಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಮೂರಕ್ಷರಗಳನ್ನು ಅಮೈನೊ ಆಮ್ಲವಾಗಿ ಓದುವ ಸಾಮಾನ್ಯ ಕೋಷ್ಟಕ (ಸಂಖ್ಯೆ 1) ಹಾಗೆಯೇ ಬಿಟ್ಟರೆ ನಡುನಡುವೆ ಸ್ಟಾಪ್ ಚಿಹ್ನೆಗಳು ಬಂದು, ಸೀಕ್ವೆನ್ಸೇ ಕೆಟ್ಟಿದೆ ಎಂದು ಗಾಬರಿಯಾಗುತ್ತದೆ. ಕಶೇರುಕಗಳ ಮೈಟೊಕಾಂಡ್ರಿಯದಲ್ಲಿ ಟಿಜಿಎ ಎಂಬ ಮೂರಕ್ಷರ ಟ್ರಿಪ್ಟೊಫ್ಯಾನ್‌ಗೆ ಸಂಕೇತ, ನಿಲುಗಡೆಗಲ್ಲ. ಆದ್ದರಿಂದ ಕೋಷ್ಟಕ 2 ಆರಿಸಿಕೊಳ್ಳಿ. ಸರಿಯಾದ ಚೌಕಟ್ಟಿನಲ್ಲಿ (ಮೂರಕ್ಷರದ ಎಣಿಕೆ ಸರಿಯಾದ ಅಕ್ಷರದಿಂದ ಶುರುವಾಗುವಂತೆ) ಓದಿದ ಮೇಲೂ ಸ್ಟಾಪ್ ಉಳಿದರೆ ಓದು ತಪ್ಪಿರಬೇಕು, ಇಲ್ಲವೇ ಕೋಶಕೇಂದ್ರದ ಡಿಎನ್‌ಎಯೊಳಗೆ ಸೇರಿಹೋದ ಹಳೆಯ ನಕಲು ಸಿಕ್ಕಿರಬೇಕು. ಅದನ್ನು ಮುಂದಕ್ಕೆ ಒಯ್ಯಬೇಡಿ.

ಸೀಕ್ವೆನ್ಸ್ ಇಡುವ ಸಾದಾ ಪಠ್ಯ ಫೈಲಾದ ಫಾಸ್ಟಾದ ತಲೆಸಾಲಿನಲ್ಲಿ (ಹೆಸರು ಇರುವ ಮೊದಲ ಸಾಲು) ಕನ್ನಡ ಅಕ್ಷರವಾಗಲಿ ಖಾಲಿ ಜಾಗವಾಗಲಿ ಬೇಡ. ಎಷ್ಟೋ ಉಪಕರಣಗಳು ಮೊದಲ ಖಾಲಿ ಜಾಗದವರೆಗಿನದನ್ನು ಮಾತ್ರ ಹೆಸರೆಂದು ಓದುತ್ತವೆ. ಹತ್ತು ಮಾದರಿಗಳ ಹೆಸರೂ ಒಂದೇ ಪದದಿಂದ ಶುರುವಾದರೆ ಯಾವುದು ಯಾವುದೆಂದು ತಿಳಿಯದು.

ಕೋರ್ ಎನ್‌ಟಿ ಏನನ್ನು ಬಿಟ್ಟಿದೆ?

ನ್ಯೂಕ್ಲಿಯೋಟೈಡ್ ಬ್ಲಾಸ್ಟ್ ತೆರೆದರೆ ಡೇಟಾಬೇಸ್ ಜಾಗದಲ್ಲಿ ಈಗ ತಾನಾಗಿ ಬರುವುದು ಕೋರ್ ಎನ್‌ಟಿ. 2024ರವರೆಗೆ ಅಲ್ಲಿ ಎನ್‌ಟಿ ಎಂಬ ದೊಡ್ಡ ನ್ಯೂಕ್ಲಿಯೋಟೈಡ್ ಡೇಟಾಬೇಸ್ ಇತ್ತು. ಪ್ರಾಣಿ, ಸಸ್ಯಗಳ ಉದ್ದುದ್ದ ವರ್ಣತಂತು ಸೀಕ್ವೆನ್ಸ್‌ಗಳು ತುಂಬಿಕೊಂಡು ಎನ್‌ಟಿ ಊದಿಹೋಗಿತ್ತು. ಅವುಗಳಲ್ಲಿ ಬಹುಪಾಲನ್ನು ತೆಗೆದಿಟ್ಟು ಅರ್ಧಕ್ಕಿಂತ ಚಿಕ್ಕ ಡೇಟಾಬೇಸ್ ಮಾಡಿದ್ದಾರೆ. ಹುಡುಕಾಟ ಬೇಗ ಮುಗಿಯುತ್ತದೆ, ಸಿಒಐಯಂಥ ಜೀನ್‌ಗೆ ಇದೇ ಸರಿ. ಆದರೆ ನಿಮ್ಮ ತುಂಡು ಇಂಟ್ರಾನ್‌ನದೋ (ಜೀನ್‌ನೊಳಗೆ ಪ್ರೋಟೀನಿಗೆ ಅನುವಾದವಾಗದ ಭಾಗ) ಎರಡು ಜೀನ್‌ಗಳ ನಡುವಿನ ಜಾಗದ್ದೋ ಆಗಿದ್ದರೆ ಏನೂ ಸಿಗಲಿಲ್ಲ ಎಂಬ ಉತ್ತರ ಬರಬಹುದು. ಆಗ ಪಟ್ಟಿಯಿಂದ ಇಡೀ ಜೀನೋಮ್‌ಗಳಿರುವ ರೆಫ್‌ಸೀಕ್ ಜೀನೋಮ್ ಅಥವಾ ಹೋಲ್ ಜೀನೋಮ್ ಶಾಟ್‌ಗನ್ ಆರಿಸಿ ಮತ್ತೆ ಓಡಿಸಿ.

ಕೆಳಗೆ ಮೆಗಾಬ್ಲಾಸ್ಟ್ ಆಯ್ಕೆಯಾಗಿರುತ್ತದೆ. ಇದು ಸಾಲಾಗಿ 28 ಅಕ್ಷರ ತಪ್ಪಿಲ್ಲದೆ ಹೊಂದಿದಲ್ಲಿ ಮಾತ್ರ ಹೋಲಿಕೆ ಶುರುಮಾಡುತ್ತದೆ. ಅದೇ ಜಾತಿ ಹುಡುಕಲು ಸಾಕು. ದೂರದ ಸಂಬಂಧಿ ಬೇಕಾದರೆ ಬ್ಲಾಸ್ಟ್‌ಎನ್‌ಗೆ ಬದಲಿಸಿ. ಅಲ್ಲಿ 11 ಅಕ್ಷರ ಹೊಂದಿದರೂ ಸಾಕು.

ಫಲಿತಾಂಶ ಬಂದಾಗ ಹೋಲಿಕೆಯ ಶೇಕಡಾವಾರು ಒಂದನ್ನೇ ನೋಡಿ ಖುಷಿಪಡಬೇಡಿ. ಪಕ್ಕದ ಕ್ವೆರಿ ಕವರ್ ಶೇ 30 ಇದ್ದು ಹೋಲಿಕೆ ಶೇ 100 ಇದ್ದರೆ, ಹೊಂದಿರುವುದು ನಿಮ್ಮ ಸೀಕ್ವೆನ್ಸಿನ ಮೂರನೇ ಒಂದು ಪಾಲೂ ಅಲ್ಲ. ಇನ್ನೊಂದು ತೊಡಕು, ಮೇಲಿನ ಸಾಲುಗಳಲ್ಲೇ ಎರಡು ಜಾತಿಗಳ ಹೆಸರು ಬರುವುದು. ಎಲ್ಲರೂ ಸೀಕ್ವೆನ್ಸ್ ಕಳಿಸುವ ಸಂಗ್ರಹವಾದ ಜೆನ್‌ಬ್ಯಾಂಕ್‌ನಲ್ಲಿ ಮೀನಿನ ಹೆಸರು ಬರೆಯುವವರು ಸೀಕ್ವೆನ್ಸ್ ಕಳಿಸಿದವರೇ. ಲಾಂಗಿಸೆಪ್ಸ್ ಎಂದು ಬರೆದದ್ದು ಅದೇ ಕುಲದ ಫಿಂಬ್ರಿಯೇಟಾ ಆಗಿರಲೂಬಹುದು. ಟೈಪ್ ಮಟೀರಿಯಲ್‌ನಿಂದ (ಜಾತಿಗೆ ಹೆಸರಿಡುವಾಗ ಆಧಾರವಾದ ಮಾದರಿ) ಬಂದವು ಮಾತ್ರ ಎಂಬ ಚೌಕಕ್ಕೆ ಟಿಕ್ ಹಾಕಿ ಇನ್ನೊಮ್ಮೆ ಓಡಿಸಿ, ಜೊತೆಗೆ ಸಿಒಐಯಂಥ ತುಂಡುಗಳಿಂದ ಜಾತಿ ಗುರುತಿಸುವ ಬೋಲ್ಡ್ ಡೇಟಾಬೇಸಿನಲ್ಲೂ ತಾಳೆ ನೋಡಿ.

ಪ್ರೋಟೀನ್ ಹುಡುಕಾಟದಲ್ಲಿ ಗೊಂಚಲು

2022ರಲ್ಲಿ ಬಂದ ಪ್ರೋಟೀನ್ ಡೇಟಾಬೇಸ್ ಕ್ಲಸ್ಟರ್ಡ್ ಎನ್‌ಆರ್ ನಮ್ಮ ಲೆಕ್ಕದಲ್ಲಿ ಈ ಬದಲಾವಣೆಗಳಲ್ಲೆಲ್ಲ ಹೆಚ್ಚು ಉಪಯೋಗದ್ದು. ತಪ್ಪು ತಿಳಿಯಲು ಹೆಚ್ಚು ಆಸ್ಪದ ಇರುವುದೂ ಇದರಲ್ಲೇ. ಶೇ 90ರಷ್ಟು ಹೋಲುವ, ಉದ್ದದಲ್ಲೂ ಶೇ 90ರಷ್ಟು ಹೊಂದುವ ಪ್ರೋಟೀನ್‌ಗಳನ್ನು ಒಂದೇ ಗೊಂಚಲಾಗಿ ಕಟ್ಟಿ, ಒಂದನ್ನು ಪ್ರತಿನಿಧಿಯಾಗಿ ಮುಂದಿಡುತ್ತಾರೆ. ಮೊದಲು 100 ಸಾಲೂ ಒಂದೇ ಬ್ಯಾಕ್ಟೀರಿಯಾದ ತಳಿಗಳಿಂದ ತುಂಬಿಹೋಗುತ್ತಿತ್ತು. ಈಗ ಅದೇ 100 ಸಾಲಿನಲ್ಲಿ ದೂರದೂರದ ಜೀವಿಗಳೂ ಕಾಣುತ್ತವೆ.

ಬೂತಾಯಿಯ ಸಿಒಐ ಪ್ರೋಟೀನನ್ನು ಇಲ್ಲಿ ಹಾಕಿದರೆ ಬೂತಾಯಿಯ ಹೆಸರು ಬಾರದೆ ಬೇರೆ ಯಾವುದೋ ಮೀನು ಮೇಲೆ ಕೂತಿರಬಹುದು. ಈ ಪ್ರೋಟೀನ್ ಮೀನುಗಳ ನಡುವೆ ಅಷ್ಟಾಗಿ ಬದಲಾಗದ್ದರಿಂದ ಹಲವು ಜಾತಿಗಳು ಒಂದೇ ಗೊಂಚಲಿಗೆ ಬೀಳುತ್ತವೆ. ಗೊಂಚಲಿನ ಸದಸ್ಯರ ಸಂಖ್ಯೆಯ ಮೇಲೆ ಒತ್ತಿ ಒಳಗಿನ ಪಟ್ಟಿ ನೋಡದೆ ಜಾತಿಯ ಹೆಸರು ಬರೆಯಬೇಡಿ. ಜಾತಿ ಗುರುತಿಸುವುದೇ ಗುರಿಯಾದರೆ ಪ್ರೋಟೀನ್ ಬಿಟ್ಟು ಡಿಎನ್‌ಎಯಲ್ಲೇ ಹುಡುಕಿ.

ಇಡೀ ಜೀನೋಮ್ ಇಳಿಸುವುದು

ಹಳೆಯ ಪ್ರಾಯೋಗಿಕ ಕೈಪಿಡಿಗಳು ಹೇಳುವ ಅಸೆಂಬ್ಲಿ (ತುಂಡುಗಳನ್ನು ಜೋಡಿಸಿ ಕಟ್ಟಿದ ಜೀನೋಮ್) ಪುಟ ಈಗ ಎನ್‌ಸಿಬಿಐ ಡೇಟಾಸೆಟ್ಸ್‌ಗೆ ಹೋಗುತ್ತದೆ. ಜಾತಿಜಾತಿಗಳ ಸಂಬಂಧಿ ಜೀನ್‌ಗಳನ್ನು ಒಟ್ಟಿಗೆ ತೋರಿಸುತ್ತಿದ್ದ ಹೋಮೊಲೊಜೀನ್ ಮುಚ್ಚಿದೆ, ಅದರ ಬದಲು ಜೀನ್ ಪುಟದಲ್ಲಿರುವ ಆರ್ಥೊಲಾಗ್ಸ್ ಕೊಂಡಿ ಬಳಸಿ.

ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು 2023ರಲ್ಲಿ ಪ್ರಕಟಿಸಿದ ಬೂತಾಯಿ ಜೀನೋಮ್ 1.077 ಗಿಗಾಬೇಸ್, ಅಂದರೆ ಸುಮಾರು 107 ಕೋಟಿ 70 ಲಕ್ಷ ಅಕ್ಷರ. ಫಾಸ್ಟಾದಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್. ಜಿಪ್ ಬಿಚ್ಚಿದಾಗ ಒಂದು ಜಿಬಿಗಿಂತ ಹೆಚ್ಚು ಜಾಗ ಬೇಕೆಂದು ಹೀಗೆಯೇ ಲೆಕ್ಕ ಹಾಕಬಹುದು. ಮಳೆಗಾಲದಲ್ಲಿ ಕರೆಂಟು ಹೋಗಿ ಬ್ರೌಸರಿನ ಡೌನ್‌ಲೋಡ್ ಶೇ 80ರಲ್ಲಿ ನಿಂತಿತೆಂದರೆ ಎಷ್ಟೋ ಸಲ ಮೊದಲಿನಿಂದ ಶುರುಮಾಡಬೇಕು. ಅದಕ್ಕೆ ಡೇಟಾಸೆಟ್ಸ್‌ನ ಕಮಾಂಡ್‌ಲೈನ್ ಉಪಕರಣದಲ್ಲಿ ಡಿಹೈಡ್ರೇಟೆಡ್ ಪ್ಯಾಕೇಜ್ ಕೇಳಿ. ಬರುವುದು ಫೈಲುಗಳ ವಿಳಾಸ ಮತ್ತು ವಿವರ ಮಾತ್ರ, ಒಣಮೀನಿನ ಕಟ್ಟಿನ ಹಾಗೆ ಹಗುರ. ಆಮೇಲೆ ರಿಹೈಡ್ರೇಟ್ ಆದೇಶ ಕೊಟ್ಟರೆ ಒಳಗಿನದನ್ನೆಲ್ಲ ತುಂಬಿಕೊಳ್ಳುತ್ತದೆ. ನಡುವೆ ನಿಂತರೆ ಅದೇ ಆದೇಶ ಮತ್ತೆ ಕೊಡಿ.

ವರ್ಣತಂತುಗಳನ್ನು ಎದುರುಬದುರು ಇಡುವುದು

ಎರಡು ಜೀನೋಮ್‌ಗಳನ್ನು ಪಕ್ಕಪಕ್ಕ ತೋರಿಸುವ ಎನ್‌ಸಿಬಿಐನ ಕಂಪ್ಯಾರೆಟಿವ್ ಜೀನೋಮ್ ವ್ಯೂವರ್ ಕೈಗೆ ಒಗ್ಗಲು ಮನುಷ್ಯ–ಚಿಂಪಾಂಜಿ ಜೋಡಿ ಒಳ್ಳೆಯದು. ಎರಡೂ ಜಾತಿ, ಎರಡೂ ಅಸೆಂಬ್ಲಿ ಆರಿಸಿ, ಮನುಷ್ಯನ 2ನೇ ವರ್ಣತಂತುವಿನ ಮೇಲೆ ಒತ್ತಿ. ಅಲ್ಲಿಂದ ಹೊರಟ ಪಟ್ಟಿಗಳು ಚಿಂಪಾಂಜಿಯ ಎರಡು ಬೇರೆ ವರ್ಣತಂತುಗಳಿಗೆ ಹೋಗಿ ಸೇರುತ್ತವೆ. ನಮ್ಮಲ್ಲಿ 46, ಅವಕ್ಕೆ 48 ಇರುವುದಕ್ಕೆ ಕಾರಣ ಇದೇ, ನಮ್ಮ ವಂಶದಲ್ಲಿ ಎರಡು ಸೇರಿ ಒಂದಾದದ್ದು. ಆ ಎರಡಕ್ಕೆ 2ಎ, 2ಬಿ ಎಂಬ ಹೆಸರು ಕಾಣದಿದ್ದರೆ 12 ಮತ್ತು 13 ನೋಡಿ. ಅಸೆಂಬ್ಲಿಗೆ ತಕ್ಕಂತೆ ಹೆಸರು ಬದಲಾಗುತ್ತದೆ.

ಹಸಿರು ಪಟ್ಟಿ ಎಂದರೆ ಒಂದೇ ದಿಕ್ಕು, ನೇರಳೆ ಎಂದರೆ ತಿರುವುಮುರುವು. ಇಡೀ ವರ್ಣತಂತುವೇ ನೇರಳೆಯಾಗಿ ಕಂಡರೆ ದೊಡ್ಡ ತಿರುವು ಸಿಕ್ಕಿತೆಂದು ಬರೆದುಬಿಡಬೇಡಿ. ಅಸೆಂಬ್ಲಿ ಮಾಡಿದವರು ಅದನ್ನು ಇನ್ನೊಂದು ತುದಿಯಿಂದ ಬರೆದಿರಬಹುದು, ಅಷ್ಟೆ. ಹಸಿರಿನ ನಡುವೆ ಸಿಕ್ಕಿಕೊಂಡ ನೇರಳೆ ತುಂಡು ನಿಜವಾದ ತಿರುವಾಗಿರುವ ಸಂಭವ ಹೆಚ್ಚು. ಆಗಲೂ ಅದರ ಎರಡು ಅಂಚಿನಲ್ಲಿ ಖಾಲಿ ಜಾಗಗಳಿವೆಯೇ ನೋಡಿ, ಇದ್ದರೆ ಜೋಡಣೆಯ ತಪ್ಪಿರಬಹುದು.

ಈ ವ್ಯೂವರಿನಲ್ಲಿ ಎನ್‌ಸಿಬಿಐ ಮೊದಲೇ ಹೋಲಿಸಿಟ್ಟ ಜೋಡಿಗಳಷ್ಟೇ ಇವೆ. ನಿಮ್ಮ ಫೈಲು ಹಾಕಲಾಗದು, ಬ್ಯಾಕ್ಟೀರಿಯಾ ಇಲ್ಲ. ಬೂತಾಯಿಯನ್ನು ಅಟ್ಲಾಂಟಿಕ್ ಹೆರಿಂಗ್ ಜೊತೆ ನೋಡಬೇಕೆಂದರೆ ಎರಡೂ ಫಾಸ್ಟಾ ಫೈಲುಗಳನ್ನು ಡಿ-ಜೀನೀಸ್ ಎಂಬ ಆನ್‌ಲೈನ್ ಉಪಕರಣಕ್ಕೆ ಕೊಡಿ. ಹೆರಿಂಗ್‌ನ 26 ವರ್ಣತಂತುಗಳನ್ನು ಟಾರ್ಗೆಟ್ (ಹೋಲಿಕೆಯ ಆಧಾರ) ಆಗಿಟ್ಟು, ಚುಕ್ಕೆ ಚಿತ್ರ ಬಂದ ಮೇಲೆ ಕಾಂಟಿಗ್‌ಗಳನ್ನು (ಅಸೆಂಬ್ಲಿಯ ತುಂಡುಗಳನ್ನು) ಕ್ರಮವಾಗಿ ಇಡುವ ಗುಂಡಿ ಒತ್ತಿ. ಅದಿಲ್ಲದಿದ್ದರೆ ತುಂಡುಗಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಚಿತ್ರ ಬಹುತೇಕ ಖಾಲಿ ಬಂದರೆ ಎರಡು ಜಾತಿಗಳ ಡಿಎನ್‌ಎ ಅಷ್ಟು ದೂರವಾಗಿದೆ ಎಂದು ತಿಳಿದು ಪ್ರೋಟೀನ್ ಮಟ್ಟದ ಹೋಲಿಕೆಗೆ ಇಳಿಯಿರಿ.

ವರದಿಯಲ್ಲಿ ಬರೆಯಬೇಕಾದ್ದು

ಬ್ಲಾಸ್ಟ್ ಫಲಿತಾಂಶದ ಆರ್‌ಐಡಿ ಸಂಖ್ಯೆ (ಆ ಹುಡುಕಾಟವನ್ನು ಮತ್ತೆ ತೆರೆಯುವ ಗುರುತು) ಒಂದು ದಿನದ ಆಸುಪಾಸಿನಲ್ಲಿ ಅವಧಿ ಮೀರುತ್ತದೆ. ಶುಕ್ರವಾರ ಸಂಜೆ ಓಡಿಸಿ ಸೋಮವಾರ ತೆರೆಯಲು ಹೋದರೆ ಸಿಗದು, ಆದ್ದರಿಂದ ಅಂದೇ ಇಳಿಸಿಕೊಳ್ಳಿ. ಡೇಟಾಬೇಸಿನ ಹೆಸರು, ಹುಡುಕಿದ ದಿನಾಂಕ, ಯಾವ ಪ್ರೋಗ್ರಾಂ, ಅಕ್ಸೆಶನ್ ಸಂಖ್ಯೆ (ಡೇಟಾಬೇಸಿನಲ್ಲಿ ಆ ಸೀಕ್ವೆನ್ಸಿನ ಗುರುತು) ಇಷ್ಟನ್ನೂ ಬರೆದಿಡಿ. ಅಕ್ಸೆಶನ್‌ನಲ್ಲಿ ಚುಕ್ಕೆಯ ನಂತರದ ಅಂಕಿಯನ್ನು ಬಿಡಬೇಡಿ; .1 ಇದ್ದದ್ದು .2 ಆದರೆ ಸೀಕ್ವೆನ್ಸೇ ಬದಲಾಗಿದೆ ಎಂದು ಅರ್ಥ. ಎನ್ಸೆಂಬಲ್ ಎಂಬ ಯುರೋಪಿನ ಜೀನೋಮ್ ತಾಣ ತನ್ನ ಹಳೆಯ ಆವೃತ್ತಿಗಳಲ್ಲಿ ಹಲವನ್ನು ಆರ್ಕೈವ್ ಆಗಿ ತೆರೆದಿಟ್ಟಿದೆ. ಬ್ಲಾಸ್ಟ್ ಪುಟದಲ್ಲಿ ಕಳೆದ ವರ್ಷದ ಡೇಟಾಬೇಸನ್ನು ಹಾಗೆ ಕೇಳಿ ಪಡೆಯಲು ಬರುವುದಿಲ್ಲ.